ಡಿಸ್ಕ್ ಗಾಲ್ಫ್ ಬ್ಯಾಗು: ಆರಿಸುವುದು, ತುಂಬುವುದು, ಬಾಳಿಸುವುದು

18 ಬುಟ್ಟಿಗಳ ಒಂದು ಸುತ್ತು ಮುಗಿಯುವಷ್ಟರಲ್ಲಿ ಡಿಸ್ಕ್ ಗಾಲ್ಫ್ ಬ್ಯಾಗನ್ನು ಬೆನ್ನಿನಿಂದ ಇಳಿಸಿ ಮತ್ತೆ ಏರಿಸುವುದು ಏನಿಲ್ಲವೆಂದರೂ 50 ಸಲ ಆಗುತ್ತದೆ. ಎಸೆತಕ್ಕೊಂದು ಸಲ ಅಂತ ನೀವೇ ಲೆಕ್ಕ ಹಾಕಿ. ಚಾರಣಕ್ಕೆ ಹೋದವರು ಬೆಳಿಗ್ಗೆ ಏರಿಸಿದ ಬ್ಯಾಗನ್ನು ತಿಂಡಿಗೋ ಊಟಕ್ಕೋ ಇಳಿಸುತ್ತಾರೆ. ಇಲ್ಲಿ ಐದು ನಿಮಿಷಕ್ಕೊಮ್ಮೆ ಇಳಿಸಬೇಕು. ಆದ್ದರಿಂದ ಅಂಗಡಿಯಲ್ಲಿ ‘ಎಷ್ಟು ಡಿಸ್ಕ್ ಹಿಡಿಸುತ್ತೆ?’ ಎಂದು ಕೇಳುವ ಮೊದಲು ನಾನು ಮೂರು ಸಂಗತಿ ನೋಡುತ್ತೇನೆ. ಇಟ್ಟ ಕಡೆ ಬೀಳದೆ ನಿಲ್ಲುತ್ತದೆಯೇ? ಒಂದೇ ಕೈಯಲ್ಲಿ ಎತ್ತಿ ಒಂದು ಹೆಗಲಿಗೆ ಹಾಕಿಕೊಳ್ಳಲು ಆಗುತ್ತದೆಯೇ? ಜಿಪ್ಪು ಮುಟ್ಟದೆ ಡಿಸ್ಕ್ ತೆಗೆಯಲು ಬರುತ್ತದೆಯೇ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫಿನ ಲೆಕ್ಕವೇ, ಚೆಂಡಿನ ಬದಲು ಫ್ರಿಸ್ಬಿಯಂಥ ಗಟ್ಟಿ ಪ್ಲಾಸ್ಟಿಕ್ ಡಿಸ್ಕು, ಗುಳಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಇದರ ಮೊದಲ ಕಾಯಂ ಕೋರ್ಸನ್ನು ಎಡ್ ಹೆಡ್ರಿಕ್ 1975ರಲ್ಲಿ ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಪಾರ್ಕಿನಲ್ಲಿ ಮಾಡಿದರು. ದೂರಕ್ಕೆ ಡ್ರೈವರ್, ನಡುವಿನ ದೂರಕ್ಕೆ ಮಿಡ್‌ರೇಂಜ್, ಬುಟ್ಟಿಗೆ ಹಾಕಲು ಪಟರ್. ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ ಹೊರಳುತ್ತದೆ, ಹಾಗಾಗಿ ಹತ್ತಾರು ಡಿಸ್ಕು ಹೊರಬೇಕಾಗುತ್ತದೆ. ನಾನಿಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ ಬೇ ಏರಿಯಾ ಮತ್ತು ಸಾಂಟಾ ಕ್ರೂಸ್‌ನ ಡೆಲವೀಗಾದಂಥ ಗುಡ್ಡದ ಕೋರ್ಸುಗಳಿಗೆ ಹೊಂದುವ ಮಾತು. ಸಮತಟ್ಟು ಪಾರ್ಕಿನಲ್ಲಷ್ಟೇ ಆಡುವವರಿಗೆ ಚಕ್ರದ ಗಾಡಿಯೇ ಸುಖ. ಬೇರು, ಮೆಟ್ಟಿಲು, ಕೆಸರು ಇರುವ ಕಡೆ ಗಾಡಿಯನ್ನೇ ನಾವು ಹೊರಬೇಕಾದೀತು.

ಮೊದಲು ತೂಕ. ಈ ಆಟದ ನಿಯಮ ಮಾಡುವ ಸಂಘವಾದ ಪಿಡಿಜಿಎ ನಿಯಮದ ಪ್ರಕಾರ ಡಿಸ್ಕಿನ ತೂಕ ವ್ಯಾಸದ ಪ್ರತಿ ಸೆಂ.ಮೀ.ಗೆ 8.3 ಗ್ರಾಂ ಮೀರುವಂತಿಲ್ಲ. 21.1 ಸೆಂ.ಮೀ. ಅಗಲದ ಡ್ರೈವರ್ ಎಂದರೆ ಹೆಚ್ಚೆಂದರೆ 175 ಗ್ರಾಂ. ಸರಾಸರಿ 172 ಎಂದುಕೊಂಡರೂ 20 ಡಿಸ್ಕಿಗೆ ಸುಮಾರು 3.4 ಕೆ.ಜಿ. ಮುಕ್ಕಾಲು ಲೀಟರಿನ ಎರಡು ಬಾಟಲಿ ತುಂಬಿದರೆ 1.8. ಖಾಲಿ ಬ್ಯಾಗು ಒಂದೂವರೆಯಿಂದ ಎರಡು. ಟವೆಲ್ಲು, ಛತ್ರಿ, ಜಾಕೆಟ್ಟು, ತಿನ್ನುವುದು ಎಲ್ಲ ಸೇರಿ ಇನ್ನೊಂದು. ಒಟ್ಟು 8 ಕೆ.ಜಿ. ಹತ್ತಿರ ಬಂತು. ಅದನ್ನು 50 ಸಲ ಎತ್ತಿದರೆ 400 ಕೆ.ಜಿ.! ಹದಿಮೂರನೆಯ ಬುಟ್ಟಿ ದಾಟಿದ ಮೇಲೆ ಎಸೆತ ಗುರಿ ತಪ್ಪುವುದಕ್ಕೆ ತೋಳಿಗಿಂತ ಹೆಗಲಿನ ಆಯಾಸವೇ ಹೆಚ್ಚು ಕಾರಣ.

ಹಾಗಾಗಿ ನಾನು 14 ಡಿಸ್ಕಿಗೆ ನಿಲ್ಲಿಸಿದ್ದೇನೆ (ಮುಂದಿನ ಹೆಸರುಗಳೆಲ್ಲ ಡಿಸ್ಕಿನ ಮಾಡೆಲ್‌ಗಳವು). ಬುಟ್ಟಿಗೆ ಹಾಕಲು ಏವಿಯಾರ್ ಎರಡು, ಎಸೆಯುವ ಪಟರ್ ಎರಡು. ಮಿಡ್‌ರೇಂಜ್‌ನಲ್ಲಿ ಬಝ್ ಎರಡು, ರಾಕ್‌3 ಒಂದು. ಮಿಡ್‌ರೇಂಜ್‌ಗಿಂತ ತುಸು ದೂರ ಹೋಗುವ ಫೇರ್‌ವೇ ಡ್ರೈವರ್‌ಗಳಲ್ಲಿ ಲೆಪರ್ಡ್ ಒಂದು, ಟೀಬರ್ಡ್ ಎರಡು, ಫೈರ್‌ಬರ್ಡ್ ಒಂದು. ದೂರಕ್ಕೆ ಸೈಡ್‌ವೈಂಡರ್ ಒಂದು, ಡೆಸ್ಟ್ರಾಯರ್ ಎರಡು. ಜೋಡಿ ಇಟ್ಟುಕೊಳ್ಳುವುದು ಕಳೆದುಹೋದರೆ ಇರಲಿ ಎಂದು, ಮತ್ತೆ ಹಳತಾದದ್ದು ಹೊಸದಕ್ಕಿಂತ ನೇರ ಹೋಗುತ್ತದೆ ಎಂದು. ಮಿಕ್ಕವು ಕಾರಿನಲ್ಲಿರಲಿ.

ಬ್ಯಾಗಿನ ಚೀಟಿಯಲ್ಲಿ ‘18+’, ‘25+’ ಎಂದು ಬರೆದಿರುವ ಸಂಖ್ಯೆಯನ್ನು ಅಷ್ಟಾಗಿ ನಂಬಬೇಡಿ. ಡ್ರೈವರಿನ ದಪ್ಪ ಒಂದೂವರೆ ಸೆಂ.ಮೀ. ಆಸುಪಾಸು, ಪಟರ್ ಮತ್ತು ಮಿಡ್‌ರೇಂಜ್ ಎರಡರ ಹತ್ತಿರ. ಪಟರ್ ಜಾಸ್ತಿ ಇಟ್ಟುಕೊಳ್ಳುವವರಿಗೆ ಅದೇ ಖಾನೆಯಲ್ಲಿ ಮೂರೋ ನಾಲ್ಕೋ ಕಡಿಮೆ ಹಿಡಿಸುತ್ತವೆ. ತುಂಬ ಬಿಗಿಯಾದರೆ ಒಂದನ್ನು ಎಳೆದಾಗ ಪಕ್ಕದ ಎರಡು ಜೊತೆಗೇ ಬರುತ್ತವೆ. ತುಂಬ ಸಡಿಲವಾದರೆ ಎಲ್ಲ ಒರಗಿ ಬೀಳುತ್ತವೆ. ಬೆಂಗಳೂರಿನಲ್ಲಿ ಅಲ್ಟಿಮೇಟ್ ಫ್ರಿಸ್ಬಿ ಆಡಿ ಈ ಕಡೆ ಬಂದವರು ಇನ್ನೊಂದು ಗಮನಿಸಬೇಕು: ಅಲ್ಲಿನ 175 ಗ್ರಾಂ ಡಿಸ್ಕಿನ ಅಗಲ 27 ಸೆಂ.ಮೀ. ದಾಟುತ್ತದೆ, ಈ ಖಾನೆಗಳಿಗೆ ಅದು ಹೋಗುವುದಿಲ್ಲ. ಗೆಳೆಯರ ಜೊತೆ ಆಡಲು ಅದೂ ಬೇಕೆನ್ನುವವರು ಮೇಲಿನ ಖಾನೆ ಅಗಲವಾಗಿರುವ ಬ್ಯಾಗನ್ನೇ ನೋಡಬೇಕು.

ಅಂಗಡಿಗೆ ಹೋಗುವಾಗ ನನ್ನ ಡಿಸ್ಕುಗಳನ್ನೂ ತುಂಬಿದ ಬಾಟಲಿಗಳನ್ನೂ ಒಯ್ಯುತ್ತೇನೆ. ಖಾಲಿ ಬ್ಯಾಗು ಯಾವುದಾದರೂ ನಿಲ್ಲುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಎಲ್ಲ ತುಂಬಿ, ಬಾಟಲಿಯನ್ನು ಒಂದೇ ಪಕ್ಕಕ್ಕೆ ಹಾಕಿ, ತಳದ ಒಂದಂಚಿಗೆ ಶೂ ಕೊಟ್ಟು ವಾಲಿಸಿ ನಿಲ್ಲಿಸುತ್ತೇನೆ. ಗುಡ್ಡದ ಮೈಯಲ್ಲಿ ಬ್ಯಾಗಿನ ಪಾಡು ಅದೇ ತಾನೆ. ಆಮೇಲೆ ಮೇಲ್ತುದಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳುತ್ತೇನೆ. ತಳ ಅಚ್ಚಿನಲ್ಲಿ ಹೊಯ್ದ ಗಟ್ಟಿ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಆಗಿದ್ದರೆ ಅಲ್ಲಾಡಿ ಮತ್ತೆ ನಿಲ್ಲುತ್ತದೆ. ಬಟ್ಟೆಯ ತಳವಾದರೆ ಕುಸಿದು ಮುಗ್ಗರಿಸುತ್ತದೆ, ಡಿಸ್ಕುಗಳೆಲ್ಲ ಇಳಿಜಾರಿನಲ್ಲಿ ಉರುಳಿಹೋಗುತ್ತವೆ. ಬಿಚ್ಚಿಕೊಳ್ಳುವ ಕಂಬಿಕಾಲುಗಳಿರುವ ಬ್ಯಾಗೂ ಸಿಗುತ್ತವೆ. ಹುಲ್ಲಿನ ಮೇಲೆ ಸೊಗಸಾಗಿಯೇ ನಿಲ್ಲುತ್ತವೆ, ಆದರೆ ಕೀಲಿಗೆ ಕೆಸರು ಕಚ್ಚಿಕೊಂಡರೆ ಮಡಚುವುದು ಕಷ್ಟ, ಕಲ್ಲಿನ ಮೇಲೆ ಜಾರುತ್ತವೆ. ನನ್ನ ಆಯ್ಕೆ ಗಟ್ಟಿ ತಳವೇ.

ಎರಡನೆಯದು ಆಳ. ಡಿಸ್ಕುಗಳು ಅಂಚಿನ ಮೇಲೆ ನಿಲ್ಲುವುದರಿಂದ ಅವುಗಳ 21 ಸೆಂ.ಮೀ. ಅಗಲ ಪೂರ್ತಿ ಬೆನ್ನಿನಿಂದ ಹಿಂದಕ್ಕೆ ಚಾಚುತ್ತದೆ. ಅದರ ಮೇಲೆ ಬೆನ್ನಿಗೂ ಡಿಸ್ಕಿಗೂ ನಡುವೆ ದಪ್ಪನೆಯ ಇನ್ನೊಂದು ಖಾನೆ ಇಟ್ಟಿದ್ದರೆ ಭಾರ ಮತ್ತಷ್ಟು ಹಿಂದೆ ಸರಿಯುತ್ತದೆ. ಏರು ಹತ್ತುವಾಗ ಬ್ಯಾಗು ಹಿಂದಕ್ಕೆ ಜಗ್ಗುತ್ತದೆ, ಅದನ್ನು ಸರಿದೂಗಿಸಲು ಕುತ್ತಿಗೆ ಮುಂದಕ್ಕೆ ಬಾಗುತ್ತದೆ. ಬೆನ್ನಿನಿಂದ ಹೊರಮೈವರೆಗೆ 30 ಸೆಂ.ಮೀ. ದಾಟಿದ ಬ್ಯಾಗನ್ನು ನಾನು ಕೊಳ್ಳುವುದಿಲ್ಲ. ಇವು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುವುದರಿಂದ ಕುಳ್ಳಗಿರುವವರು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, ತಳ ಹಿಂಭಾಗಕ್ಕೆ ಬಡಿಯುತ್ತದೆಯೇ ನೋಡಬೇಕು.

ಹೆಗಲಪಟ್ಟಿ ಸ್ವಲ್ಪ ಬಿರುಸಾಗಿದ್ದು ತಾನಾಗಿ ಕಮಾನಿನಂತೆ ತೆರೆದಿರಬೇಕು, ಆಗ ಕೈ ತೂರಿಸುವುದು ಸಲೀಸು. ಮೆತ್ತನೆಯ ಪಟ್ಟಿ ಅಂಗಡಿಯಲ್ಲಿ ಹಿತವಾಗಿರುತ್ತದೆ, ಕೋರ್ಸಿನಲ್ಲಿ ತಿರುಚಿಕೊಂಡು ಕಾಡುತ್ತದೆ. ಎದೆಯ ಪಟ್ಟಿ ಇರಲಿ. ಸೊಂಟದ ಪಟ್ಟಿಯನ್ನು ನಾನು ತೆಗೆದೇ ಹಾಕಿದ್ದೇನೆ. 50 ಸಲ ಬಕಲ್ ಹಾಕಿ ಬಿಚ್ಚುವ ತಾಳ್ಮೆ ಯಾರಿಗಿದೆ? ಮೇಲಿನ ಹಿಡಿ ಬರೀ ಬಟ್ಟೆಗೆ ಹೊಲಿದಿದ್ದರೆ ಬೇಡ, ಒಳಗಿನ ಚೌಕಟ್ಟಿನ ಸುತ್ತ ಬಂದಿರಬೇಕು. ನಾವು ಹೆಚ್ಚು ಎತ್ತುವುದು ಅದನ್ನೇ ಹಿಡಿದು.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೈನಾಮಿಕ್ ಡಿಸ್ಕ್ಸ್, ಇನ್ನೋವಾ, ಲ್ಯಾಟಿಟ್ಯೂಡ್ 64, ಗ್ರಿಪ್, ಅಪ್ಪರ್ ಪಾರ್ಕ್ ಹೀಗೆ ಹಲವರು ಮಾಡುತ್ತಾರೆ. ಸಾದಾ ಬ್ಯಾಗಿಗೂ ಮೇಲ್ದರ್ಜೆಯದಕ್ಕೂ ನಾಲ್ಕೈದು ಪಟ್ಟು ಅಂತರವಿದೆ. ಹೆಚ್ಚಿನ ಹಣ ಹೋಗುವುದು ತಳ, ಚೌಕಟ್ಟು, ಜಿಪ್ಪಿಗೆ. ತಿಂಗಳಿಗೊಮ್ಮೆ ಆಡುವವರಿಗೆ ಅದು ಬೇಕಿಲ್ಲ.

ಮನೆಯಲ್ಲಿರುವ 30 ಲೀಟರಿನ ಸಾಮಾನ್ಯ ಬ್ಯಾಗನ್ನೇ ಒಗ್ಗಿಸಿಕೊಳ್ಳಬಹುದು. ಒಳಗಿನ ಆಳ 23 ಸೆಂ.ಮೀ. ಇದ್ದರೆ ಸಾಕು, ಲ್ಯಾಪ್‌ಟಾಪ್ ಬ್ಯಾಗುಗಳು ತೆಳ್ಳಗಿರುತ್ತವೆ, ಒಗ್ಗುವುದಿಲ್ಲ. ಚುನಾವಣಾ ಫಲಕಕ್ಕೆ ಬಳಸುವ ಸುಕ್ಕುಸಾಲಿನ ಪ್ಲಾಸ್ಟಿಕ್ ಶೀಟು ತನ್ನಿ. ತಳಕ್ಕೆ 28×23 ಸೆಂ.ಮೀ., ಎರಡು ಪಕ್ಕಕ್ಕೆ 15 ಸೆಂ.ಮೀ. ಎತ್ತರ, ಬೆನ್ನಿನ ಕಡೆಗೆ 22 ಸೆಂ.ಮೀ. ಎತ್ತರ ಬಿಟ್ಟು ಒಂದೇ ತುಂಡಾಗಿ ಕತ್ತರಿಸಿ. ಮಡಚುವ ಗೆರೆಯಲ್ಲಿ ಒಂದು ಮೈಯನ್ನಷ್ಟೇ ಚಾಕುವಿನಿಂದ ಸೀಳಿ, ಮಡಚಿ, ಮೂಲೆಗಳಿಗೆ ಡಕ್ಟ್ ಟೇಪ್ ಸುತ್ತಿ. ಹೊರಗೆ ಕಾಣುವ ಅಂಚುಗಳಿಗೂ ಟೇಪ್ ಬೇಕೇ ಬೇಕು, ಇಲ್ಲದಿದ್ದರೆ ಒಳಬಟ್ಟೆಯನ್ನು ಕೊಯ್ಯುತ್ತದೆ. ಬ್ಯಾಗಿನ ತಳಕ್ಕೆ 2 ಸೆಂ.ಮೀ. ಫೋಮ್ ಹಾಸಿ ಅದರ ಮೇಲೆ ಈ ತಟ್ಟೆ ಕೂರಿಸಿ. ಇದನ್ನೆಲ್ಲ ಮಾಡದೆ ಸುಮ್ಮನೆ ತುಂಬಿದರೆ ಡಿಸ್ಕುಗಳು ಒಂದರ ಮೇಲೊಂದು ಒರಗಿ, ಮೆತ್ತನೆಯ ಪಟರ್‌ಗಳು ಅಡಿಯಲ್ಲಿ ಸಿಕ್ಕಿ ಡೊಂಕಾಗುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಂತೂ ಒಂದೇ ಮಧ್ಯಾಹ್ನದ ಕೆಲಸ ಅದು. ಡೊಂಕಾದದ್ದನ್ನು ಬಿಸಿನೀರಿನಲ್ಲಿ ಅದ್ದಿ ಸಮತಟ್ಟು ಕಲ್ಲಿನ ಮೇಲೆ ಆರಲು ಬಿಟ್ಟರೆ ಬಹುಪಾಲು ಸರಿಹೋಗುತ್ತದೆ.

ಜೋಡಿಸುವ ಕ್ರಮಕ್ಕೆ ಬರೋಣ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದಂತೆ ಎಲ್ಲ ಡಿಸ್ಕಿನ ಮುಖವೂ ಒಂದೇ ಕಡೆಗಿರಬೇಕು. ಎಡದಿಂದ ಪಟರ್, ಮಿಡ್‌ರೇಂಜ್, ಫೇರ್‌ವೇ, ಡಿಸ್ಟನ್ಸ್. ಒಂದೊಂದು ಗುಂಪಿನಲ್ಲೂ ಅಂಡರ್‌ಸ್ಟೇಬಲ್ (ಬಲಗೈಯವರ ಸಾಮಾನ್ಯ ಎಸೆತದಲ್ಲಿ ಬಲಕ್ಕೆ ಹೊರಳುವುದು) ಎಡಕ್ಕೆ, ಓವರ್‌ಸ್ಟೇಬಲ್ (ಎಡಕ್ಕೆ ವಾಲುವುದು) ಬಲಕ್ಕೆ. ಬುಟ್ಟಿಗೆ ಹಾಕುವ ಎರಡು ಏವಿಯಾರ್ ಮಾತ್ರ ಮೇಲಿನ ಜೇಬಿನಲ್ಲಿ. ಸರದಿ ಬಂದ ಮೇಲೆ ಎಸೆಯಲು ನಿಯಮದಲ್ಲಿ 30 ಸೆಕೆಂಡು ಇದೆ. ಗಾಳಿ ನೋಡಿ, ಕಾಲಿಡುವ ಜಾಗ ನೋಡಿ ಮುಗಿಸುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ಆಗ ಬ್ಯಾಗಿನಲ್ಲಿ ತಡಕಾಡಿದರೆ ಆತುರದ ಎಸೆತವೇ ಗತಿ. 14ಕ್ಕೆ ಇಳಿಸಿದಾಗ ಖಾನೆಯಲ್ಲಿ ಜಾಗ ಉಳಿಯುತ್ತದಲ್ಲ, ಅಲ್ಲಿಗೆ ಒಣ ಟವೆಲ್ಲನ್ನು ಸುರುಳಿ ಸುತ್ತಿ ತುರುಕಿ. ಡಿಸ್ಕು ತೆಗೆದಾಗ ಉಳಿದವು ಒರಗದೆ ನಿಲ್ಲುತ್ತವೆ, ಖಾಲಿ ಸಂದು ಹಾಗೇ ಕಾಣುತ್ತದೆ. ಮುಂದಿನ ಟೀಗೆ, ಅಂದರೆ ಮೊದಲ ಎಸೆತದ ಜಾಗಕ್ಕೆ, ಹೊರಡುವ ಮೊದಲು ಆ ಸಂದು ನೋಡಿದರೆ ಸಾಕು, ಏನಾದರೂ ಹಿಂದೆ ಉಳಿದಿದೆಯೋ ಎಂಬುದು ತಿಳಿಯುತ್ತದೆ. ಡಿಸ್ಕುಗಳು ಹೆಚ್ಚಾಗಿ ಉಳಿದುಹೋಗುವುದು ಪೊದೆಯಲ್ಲಲ್ಲ, ಬುಟ್ಟಿಯ ಪಕ್ಕದಲ್ಲೇ. ಹತ್ತಿರ ಬಂದು ಬಿದ್ದದ್ದನ್ನು ಬಿಟ್ಟು ಪಟರ್ ಮಾತ್ರ ಎತ್ತಿಕೊಂಡು ಹೋಗಿಬಿಡುತ್ತೇವೆ.

ಬುಟ್ಟಿಯ ಬಳಿ ಬಂದಾಗ ಬ್ಯಾಗನ್ನು ಮುಂದಿನ ಟೀ ಇರುವ ಪಕ್ಕಕ್ಕೆ ಇಡಿ, ಸುಮ್ಮನೆ ವಾಪಸು ನಡೆಯುವುದು ತಪ್ಪುತ್ತದೆ. ಬುಟ್ಟಿಯ ಹಿಂದೆ ನೇರಕ್ಕೆ ಮಾತ್ರ ಇಡಬಾರದು. ಬೇರೆಯವರ ಡಿಸ್ಕಿಗೆ ತಾಗುವಂತೆ ಅಥವಾ ಅವರ ಗಮನ ಕೆಡುವಂತೆ ಸಾಮಾನು ಬಿಡುವುದು ಸೌಜನ್ಯದ ನಿಯಮಕ್ಕೆ ವಿರುದ್ಧ. ಮೊಣಕಾಲೂರಿ ಎಸೆಯಲು ಚಿಕ್ಕ ಮ್ಯಾಟು ಇಟ್ಟುಕೊಳ್ಳುವವರು ಅದು ಅದುಮಿದಾಗ 1 ಸೆಂ.ಮೀ.ಗಿಂತ ದಪ್ಪ ಇರದಂತೆ ನೋಡಿಕೊಳ್ಳಿ. ಕ್ಲಬ್ಬಿನವರು ಕೊಡುವ ನಂಬರಿನ ಟ್ಯಾಗನ್ನು ಬ್ಯಾಗಿನ ಪಕ್ಕದ ಕುಣಿಕೆಗೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಪಕ್ಕದವರು ಗುರಿ ಹಿಡಿಯುವ ಹೊತ್ತಿಗೇ ಅದು ಕಿಣಿಕಿಣಿ ಎನ್ನುತ್ತದೆ.

ಇಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಮಳೆ. ಆಗ ಎರಡು ಟವೆಲ್ಲು ಬೇಕು: ಹೊರಗೆ ನೇತುಹಾಕಿದ್ದು ಕೆಸರಿಗೆ, ಪ್ಲಾಸ್ಟಿಕ್ ಕವರಿನಲ್ಲಿ ಒಳಗಿಟ್ಟದ್ದು ಕೈಗೆ ಮತ್ತು ಡಿಸ್ಕಿನ ಅಂಚಿಗೆ. ಕೆಸರಿನ ಡಿಸ್ಕನ್ನು ಒರೆಸದೆ ಒಳಗಿಟ್ಟರೆ ಪಕ್ಕದವಕ್ಕೂ ಮೆತ್ತಿಕೊಂಡು ಮುಂದಿನ ಎಸೆತದಲ್ಲಿ ಬೆರಳು ಜಾರುತ್ತದೆ. ಬ್ಯಾಗಿಗೆ ಮಳೆ ಹೊದಿಕೆ ಹಾಕಿದರೆ ಪ್ರತಿ ಸಲ ಬಿಚ್ಚಬೇಕು. ಅದಕ್ಕಿಂತ ಬ್ಯಾಗಿನ ಬಾಯಿ ಗಾಳಿಗೆ ಬೆನ್ನಾಗಿರುವಂತೆ ಇಟ್ಟು ಮೇಲೆ ಛತ್ರಿ ಒರಗಿಸುವುದು ಚೆನ್ನ. ಮನೆಗೆ ಬಂದ ಕೂಡಲೇ ಎಲ್ಲ ಹೊರಗೆ ತೆಗೆದು, ಜಿಪ್ಪುಗಳನ್ನೆಲ್ಲ ತೆರೆದು, ಬ್ಯಾಗನ್ನು ತಲೆಕೆಳಗಾಗಿ ಒಣಗಿಸಿ. ಒದ್ದೆಯಾಗಿ ಡಿಕ್ಕಿಯಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಟ್ಟೆಯ ಒಳಮೈಗೆ ಹಚ್ಚಿರುವ ನೀರು ತಡೆಯುವ ಲೇಪ ಕಾಲಕ್ರಮದಲ್ಲಿ ಅಂಟಂಟಾಗಿ ಪದರು ಪದರಾಗಿ ಏಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಪೀಡೆ ಪಾಯಿಸನ್ ಓಕ್. ಮೂರು ಮೂರು ಎಲೆಯ ಈ ಗಿಡದ ಎಣ್ಣೆ, ಉರುಶಿಯೋಲ್, ಚರ್ಮಕ್ಕೆ ತಾಗಿದರೆ ವಾರಗಟ್ಟಲೆ ತುರಿಕೆ. ಡಿಸ್ಕಿಗಾಗಿ ಪೊದೆಗೆ ಕೈ ಹಾಕಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಪೊದೆಗೆ ಒರಗಿಸಿ ಇಟ್ಟ ಬ್ಯಾಗಿನ ಪಟ್ಟಿಗೆ ಎಣ್ಣೆ ಹತ್ತಿ, ಅದು ಕುತ್ತಿಗೆಗೆ ಬರುವುದನ್ನು ಯಾರೂ ಯೋಚಿಸುವುದಿಲ್ಲ. ತೊಳೆಯದೆ ಬಿಟ್ಟರೆ ಈ ಎಣ್ಣೆ ಸಾಮಾನಿನ ಮೇಲೆ ಬಹಳ ಕಾಲ ತನ್ನ ಗುಣ ಉಳಿಸಿಕೊಳ್ಳುತ್ತದೆ. ಹಾಗಾಗಿ ಬ್ಯಾಗು ಯಾವಾಗಲೂ ಬರಿನೆಲದ ಮೇಲೆ. ತಾಗಿದೆ ಎಂಬ ಅನುಮಾನ ಬಂದರೆ ಕೈಗವಸು ಹಾಕಿಕೊಂಡು, ಪಾತ್ರೆ ತೊಳೆಯುವ ಸೋಪು ಮತ್ತು ಧಾರಾಳ ನೀರಿನಲ್ಲಿ ಡಿಸ್ಕು, ಪಟ್ಟಿ, ಹಿಡಿ ಮೂರನ್ನೂ ಉಜ್ಜಿ. ಟವೆಲ್ಲನ್ನು ಬೇರೆ ಬಟ್ಟೆಗಳ ಜೊತೆ ಹಾಕಬೇಡಿ.

ಕಡೆಗೆ ರಿಪೇರಿ. ಬ್ಯಾಗು ಹಾಳಾಗುವುದು ಎರಡು ಕಡೆಯಿಂದ. ಒಂದು, ಹೆಗಲಪಟ್ಟಿ ಮೇಲೆ ಸೇರುವ ಹೊಲಿಗೆ. ಒಂದೇ ಹೆಗಲಿಗೆ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಆ ಪಕ್ಕದ್ದು ಮೊದಲು ಬಿಡುತ್ತದೆ. ಎರಡು ಎಳೆ ಬಿಟ್ಟದ್ದು ಕಂಡಾಗಲೇ ದಬ್ಬಣ ಮತ್ತು ದಪ್ಪ ನೈಲಾನ್ ದಾರದಿಂದ ಚೌಕ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಿ. ಹತ್ತಿ ದಾರ ಒದ್ದೆಗೆ ಕೊಳೆಯುತ್ತದೆ. ಇನ್ನೊಂದು, ಪಟರ್ ಜೇಬಿನ ಇಲ್ಲವೆ ಪಕ್ಕದ ಜೇಬಿನ ಜಿಪ್ಪು. ಎಳೆದ ಮೇಲೂ ಹಿಂದಿನಿಂದ ಹಲ್ಲು ಬಿಚ್ಚಿಕೊಳ್ಳುತ್ತಿದ್ದರೆ ಸವೆದಿರುವುದು ಹಲ್ಲಲ್ಲ, ರನ್ನರು. ಇಕ್ಕಳದಿಂದ ರನ್ನರಿನ ಎರಡೂ ಪಕ್ಕದ ಹಿಂಬದಿಯನ್ನು ಕೂದಲೆಳೆಯಷ್ಟು ಅದುಮಿ, ಎಳೆದು ನೋಡಿ, ಬೇಕಿದ್ದರೆ ಇನ್ನಷ್ಟು. ಒಂದೇ ಸಲ ಬಲವಾಗಿ ಅದುಮಿದರೆ ಮುರಿಯುತ್ತದೆ. ಬಿಗಿಯಾದ ಜಿಪ್ಪಿಗೆ ಮೇಣದಬತ್ತಿ ಉಜ್ಜಿದರೆ ಸಾಕು, ಎಣ್ಣೆ ಹಾಕಿದರೆ ದೂಳು ಕೂರುತ್ತದೆ. ಅದುಮಿದ್ದೂ ನಿಲ್ಲದಿದ್ದರೆ ರನ್ನರಿನ ಬೆನ್ನಿನ ಮೇಲೆ 5, 8 ಅಥವಾ 10 ಎಂದು ಒತ್ತಿರುವ ಸಂಖ್ಯೆ ನೋಡಿ, ಅದೇ ಅಳತೆಯ, ಅದೇ ಬಗೆಯ ಹಲ್ಲಿಗೆ ಹೊಂದುವ ಹೊಸ ರನ್ನರು ತಂದು ಪಟ್ಟಿಯ ಕೆಳತುದಿಯಿಂದ ಏರಿಸಿ, ತುದಿಗೆ ನಾಲ್ಕು ಹೊಲಿಗೆ ಹಾಕಿ.