ಟಂಗ್‌ಸ್ಟನ್ ಕಾರ್ಬೈಡ್ ಮದುವೆ ಉಂಗುರವನ್ನು ಆರಿಸಿಕೊಳ್ಳುವ ಬಗೆ

ಚಿನ್ನದ ಉಂಗುರ ಬಿಗಿಯಾದರೆ ಅಕ್ಕಸಾಲಿಗರು ಅದನ್ನು ಕತ್ತರಿಸಿ, ಚೂರು ಲೋಹ ಸೇರಿಸಿ ಬೆಸೆದುಕೊಡುತ್ತಾರೆ. ಸಡಿಲವಾದರೆ ಚೂರು ತೆಗೆದು ಮತ್ತೆ ಕೂಡಿಸುತ್ತಾರೆ. ಟಂಗ್‌ಸ್ಟನ್ ಕಾರ್ಬೈಡ್ ಉಂಗುರವನ್ನು ಹೀಗೆ ತಿದ್ದಲು ಬರುವುದಿಲ್ಲ. ಎಳೆದರೆ ಅದು ಹಿಗ್ಗದು, ಒತ್ತಿದರೆ ಬಾಗದು, ಬಲ ಹೆಚ್ಚಾದರೆ ಒಡೆದೇ ಹೋಗುತ್ತದೆ. ಕೊಳ್ಳುವವರ ಕಣ್ಣು ಮೊದಲು ಬಣ್ಣ ಮತ್ತು ಹೊಳಪಿನ ಕಡೆಗೆ ಹೋಗುವುದು ಸಹಜವೇ ಆದರೂ, ಈ ಉಂಗುರದ ವಿಷಯದಲ್ಲಿ ಮೊದಲು ಅಳತೆ, ಅನಂತರ ಒಳಗೆ ಸೇರಿರುವ ಬಂಧಕ ಲೋಹ, ಎಲ್ಲಕ್ಕಿಂತ ಕೊನೆಗೆ ಅಂದಚಂದ ಎಂಬ ಕ್ರಮವನ್ನು ಅನುಸರಿಸುವುದೇ ಸರಿಯೆಂದು ನನ್ನ ದೃಢವಾದ ಅಭಿಪ್ರಾಯ.

ಈ ವಸ್ತು ಹೇಗೆ ತಯಾರಾಗುತ್ತದೆಂಬುದನ್ನು ತಿಳಿದುಕೊಂಡರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಟಂಗ್‌ಸ್ಟನ್ ಎಂದರೆ ಸ್ವೀಡಿಷ್ ಭಾಷೆಯಲ್ಲಿ ಭಾರವಾದ ಕಲ್ಲು ಎಂದರ್ಥ. ಈ ಲೋಹವು ಇಂಗಾಲದೊಡನೆ ಸೇರಿ ಆಗುವ ಗಡಸು ಸಂಯುಕ್ತವೇ ಟಂಗ್‌ಸ್ಟನ್ ಕಾರ್ಬೈಡ್. ಅದರ ನುಣ್ಣನೆಯ ಪುಡಿಗೆ ಕೋಬಾಲ್ಟ್ ಅಥವಾ ನಿಕಲ್ ಪುಡಿಯನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1400 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕಾಯಿಸಿದಾಗ, ಬೆರೆಸಿದ ಲೋಹ ಕರಗಿ ಕಾರ್ಬೈಡ್ ಕಣಗಳನ್ನು ಗಾರೆಯಂತೆ ಹಿಡಿದಿಡುತ್ತದೆ. ಬಂಧಕ ಲೋಹವೆಂದರೆ ಇದೇ. 1920ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ವಿಧಾನದ ಮೊದಲ ಉದ್ದೇಶ ಕೈಗಾರಿಕೆಯ ಉಪಕರಣಗಳ ತಯಾರಿಕೆಯಾಗಿತ್ತು. ಕ್ರುಪ್ ಸಂಸ್ಥೆಯು ಅದನ್ನು ವಿಡಿಯಾ, ಅಂದರೆ ವಜ್ರದಂತಹುದು, ಎಂಬ ಹೆಸರಿನಲ್ಲಿ ಮಾರಿತು. ಇಂದಿಗೂ ಉಕ್ಕನ್ನು ಕೊರೆಯುವ, ಕತ್ತರಿಸುವ ಉಪಕರಣಗಳ ಅಂಚುಗಳು ಇದೇ ವಸ್ತುವಿನಿಂದ ಆಗುತ್ತವೆ.

ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇದರ ಸ್ಥಾನ ಸುಮಾರು 9, ಅಂದರೆ ನೀಲಮಣಿಯ ಮಟ್ಟದ್ದು. ವಜ್ರದ್ದು 10, ಶುದ್ಧ ಚಿನ್ನದ್ದು 3ಕ್ಕೂ ಕಡಿಮೆ. ಬೀಗದ ಕೈ, ಬಾಗಿಲ ಹಿಡಿ, ಪಾತ್ರೆಯ ಅಂಚು ಇವುಗಳಿಂದ ಇದರ ಮೇಲೆ ಗೀರು ಬೀಳುವುದಿಲ್ಲ. ಕೆಲವೊಮ್ಮೆ ಮೇಲ್ಮೈಯಲ್ಲಿ ಕಾಣುವ ಕಪ್ಪು ಗೆರೆಗಳು ಸಾಮಾನ್ಯವಾಗಿ ಉಂಗುರಕ್ಕೆ ಉಜ್ಜಿದ ಮೃದುವಾದ ಲೋಹ ಬಿಟ್ಟುಹೋದ ಗುರುತುಗಳು. ಆದರೆ ಗೀರು ಬೀಳದಿರುವುದು ಒಂದು ಗುಣ, ಪೆಟ್ಟು ತಾಳುವುದು ಮತ್ತೊಂದು. ಕಲ್ಲುಹಾಸಿನ ಮೇಲೆ ಎತ್ತರದಿಂದ ಬಿದ್ದರೆ ಚಿನ್ನದ ಉಂಗುರ ನೆಗ್ಗಬಹುದು, ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ಸೀಳಬಹುದು. ಎಂದೂ ಒಡೆಯದು ಎಂದು ಹೇಳಿ ಮಾರುವವರ ಮಾತನ್ನು ನಂಬಬಾರದು.

ಇನ್ನು ಅಳತೆಯ ವಿಚಾರ. ಬೆರಳು ದಿನವಿಡೀ ಒಂದೇ ಗಾತ್ರದಲ್ಲಿರುವುದಿಲ್ಲ. ಚಳಿಯಲ್ಲಿ ಸಣ್ಣಗಾಗುತ್ತದೆ, ಸೆಕೆಯಲ್ಲಿ, ವ್ಯಾಯಾಮದ ನಂತರ ಮತ್ತು ಉಪ್ಪು ಹೆಚ್ಚಾದ ಊಟದ ನಂತರ ಊದಿಕೊಳ್ಳುತ್ತದೆ. ಆದ್ದರಿಂದ ಒಂದೇ ಸಲ ಅಳೆದು ತೀರ್ಮಾನಿಸದೆ, ಮೂರು ನಾಲ್ಕು ದಿನ, ಬೆಳಗ್ಗೆ ಒಮ್ಮೆ ಮತ್ತು ಸಂಜೆ ಒಮ್ಮೆ ಅಳೆದು, ಸಂಜೆಯ ಅಳತೆಗೆ ಹೆಚ್ಚಿನ ಮಹತ್ವ ಕೊಡಬೇಕು. ದಾರ ಅಥವಾ ಕಾಗದದ ಪಟ್ಟಿಯನ್ನು ಸುತ್ತಿ ಅಳೆಯುವ ಅಭ್ಯಾಸ ವ್ಯಾಪಕವಾಗಿದ್ದರೂ ಈ ಉಂಗುರಕ್ಕೆ ಅದು ಸಾಲದು. ದಾರ ಹಿಗ್ಗುತ್ತದೆ, ಕಾಗದ ಜಾರುತ್ತದೆ, ಎರಡೂ ಗೆಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಗಡಿಗಳಲ್ಲಿರುವ ಲೋಹದ ಅಳತೆಬಳೆಗಳ ಗೊಂಚಲಿನಲ್ಲಿ, ಕೊಳ್ಳಬೇಕೆಂದಿರುವ ಉಂಗುರದಷ್ಟೇ ಅಗಲದ ಬಳೆಯನ್ನು ತೊಟ್ಟು ನೋಡಬೇಕು. ಗೆಣ್ಣಿನ ಮೇಲೆ ತುಸು ತಡೆದು ಒಳಗೆ ಹೋಗಬೇಕು, ಬುಡದಲ್ಲಿ ಸರಾಗವಾಗಿ ತಿರುಗಬೇಕು, ಕೈ ಕೊಡವಿದರೆ ಜಾರಬಾರದು. ಗೆಣ್ಣು ದಪ್ಪವಾಗಿ ಬುಡ ತೆಳುವಾಗಿರುವವರಿಗೆ ಈ ಮೂರೂ ಒಟ್ಟಿಗೆ ಒದಗುವುದು ಕಷ್ಟ. ಅಂಥವರು ಗೆಣ್ಣು ದಾಟುವ ಅತಿ ಸಣ್ಣ ಅಳತೆಯನ್ನೇ ಆರಿಸಿಕೊಳ್ಳುವುದು ಲೇಸು.

ಅಗಲ ಹೆಚ್ಚಿದಷ್ಟೂ ಉಂಗುರ ಬಿಗಿಯೆನಿಸುತ್ತದೆ. 4 ಮಿಲಿಮೀಟರ್ ಅಗಲದ ಬಳೆಯಲ್ಲಿ ಅಳೆದು 8 ಮಿಲಿಮೀಟರ್ ಅಗಲದ ಉಂಗುರ ತರಿಸಿಕೊಂಡರೆ ಅರ್ಧ ಅಳತೆಯಷ್ಟು ವ್ಯತ್ಯಾಸ ಕಾಣಬಹುದು. ಅಮೆರಿಕದ ಪದ್ಧತಿಯಲ್ಲಿ ಅರ್ಧ ಅಳತೆಯೆಂದರೆ ಒಳವ್ಯಾಸದಲ್ಲಿ ಸುಮಾರು 0.4 ಮಿಲಿಮೀಟರ್ ಮಾತ್ರ. ಕಣ್ಣಿಗೆ ಏನೂ ಅಲ್ಲದ ಈ ಅಂತರವನ್ನು ಬೆರಳು ದಿನವಿಡೀ ಅನುಭವಿಸುತ್ತದೆ. ಅಳತೆಯ ಸಂಖ್ಯೆಗಳೂ ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ: ಅಮೆರಿಕದಲ್ಲಿ ಸಂಖ್ಯೆ, ಬ್ರಿಟನ್ನಿನಲ್ಲಿ ಅಕ್ಷರ. ಹಾಗಾಗಿ ದೂರದಿಂದ ತರಿಸಿಕೊಳ್ಳುವಾಗ ಸಂಖ್ಯೆಯ ಜೊತೆಗೆ ಒಳವ್ಯಾಸವನ್ನು ಮಿಲಿಮೀಟರ್‌ನಲ್ಲಿ ಬರೆದು ಖಚಿತಪಡಿಸಿಕೊಳ್ಳಬೇಕು. ಅಮೆರಿಕದ 10ನೇ ಅಳತೆಯ ಒಳವ್ಯಾಸ ಸುಮಾರು 19.8 ಮಿಲಿಮೀಟರ್ ಇರುತ್ತದೆ. ಒಳಮೈ ಸ್ವಲ್ಪ ಉಬ್ಬಿ ಅಂಚುಗಳು ದುಂಡಾಗಿರುವ ರಚನೆಯನ್ನು ಕಂಫರ್ಟ್ ಫಿಟ್ ಎನ್ನುತ್ತಾರೆ. ಅಗಲವಾದ ಉಂಗುರಕ್ಕೆ ಇದು ಬೇಕೇ ಬೇಕೆಂದು ನಾನು ಹೇಳುತ್ತೇನೆ, ಏಕೆಂದರೆ ಚಪ್ಪಟೆಯಾದ ಒಳಮೈ ಬೆವರನ್ನು ಹಿಡಿದಿಟ್ಟುಕೊಂಡು ಚರ್ಮವನ್ನು ಕೆಡಿಸುತ್ತದೆ. ತೂಕದಲ್ಲಿ ಇದು ಟೈಟಾನಿಯಂ ಉಂಗುರದ ಮೂರು ಪಟ್ಟು ಮೀರಿ, 18 ಕ್ಯಾರಟ್ ಚಿನ್ನಕ್ಕೆ ಹತ್ತಿರವಾಗಿರುತ್ತದೆ. ಆ ಭಾರ ಕೆಲವರಿಗೆ ಹಿತ, ಕೆಲವರಿಗೆ ಕಿರಿಕಿರಿ. ತೊಟ್ಟು ನೋಡದೆ ತಿಳಿಯದು.

ಮಾರಾಟಗಾರರು ತಾವಾಗಿ ಹೇಳದ, ಆದರೆ ನಾವು ಕೇಳಲೇಬೇಕಾದ ಸಂಗತಿ ಬಂಧಕ ಲೋಹದ್ದು. ಕೋಬಾಲ್ಟ್ ಬಂಧಕವು ಉಪಕರಣಗಳಿಗೆ ಅತ್ಯುತ್ತಮವಾದರೂ ಬೆರಳಿಗೆ ಹೇಳಿಸಿದ್ದಲ್ಲ. ಬೆವರು ಮತ್ತು ಮಾರ್ಜಕಗಳ ಸಂಪರ್ಕದಿಂದ ಮೇಲ್ಮೈಯಲ್ಲಿರುವ ಕೋಬಾಲ್ಟ್ ನಿಧಾನವಾಗಿ ಸವೆದುಹೋಗಿ, ಉಂಗುರ ಮಂಕಾಗಿ, ಬೂದು ಕಲೆಗಳು ಮೂಡುತ್ತವೆ. ಅಂಥ ಮಂಕನ್ನು ಮನೆಯಲ್ಲಿ ಉಜ್ಜಿ ತೆಗೆಯಲಾಗದು. ನಿಕಲ್ ಬಂಧಕ ಇದಕ್ಕಿಂತ ಚೆನ್ನಾಗಿ ಬಾಳುತ್ತದೆ. ಆದರೆ ಅಗ್ಗದ ಕಿವಿಯೋಲೆ, ಬೆಲ್ಟಿನ ಬಕಲ್, ಗಡಿಯಾರದ ಹಿಂಬದಿ ಇವು ತಾಗಿದಲ್ಲಿ ಚರ್ಮ ಕೆಂಪಾಗಿ ತುರಿಸುವವರು ನಿಕಲ್ ಅಲರ್ಜಿಯುಳ್ಳವರಾಗಿರಬಹುದು. ಅವರು ವೈದ್ಯರಿಂದ ಪ್ಯಾಚ್ ಪರೀಕ್ಷೆ, ಅಂದರೆ ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ, ಮಾಡಿಸಿಕೊಳ್ಳದೆ ಈ ಉಂಗುರ ಕೊಳ್ಳಬಾರದು. ಚರ್ಮಕ್ಕೆ ದೀರ್ಘಕಾಲ ತಾಗುವ ಆಭರಣಗಳಿಂದ ಹೊರಬರುವ ನಿಕಲ್‌ಗೆ ಯುರೋಪಿಯನ್ ಒಕ್ಕೂಟ ವಿಧಿಸಿರುವ ಮಿತಿ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ. ಉಂಗುರವು ಈ ಮಿತಿಯೊಳಗಿದೆಯೇ ಎಂದು ಬರವಣಿಗೆಯಲ್ಲಿ ಕೇಳುವುದು ಅತಿಯೇನಲ್ಲ. ಬರಿಯ ಟಂಗ್‌ಸ್ಟನ್ ಎಂದಷ್ಟೇ ನಮೂದಿಸಿ, ಬಂಧಕ ಯಾವುದೆಂದು ಕೇಳಿದಾಗ ಉತ್ತರಿಸಲಾಗದವರಿಂದ ಕೊಳ್ಳದಿರುವುದೇ ಒಳ್ಳೆಯದು.

ಬಣ್ಣದ ಮಾತು ಚಿಕ್ಕದು. ಟಂಗ್‌ಸ್ಟನ್ ಕಾರ್ಬೈಡ್‌ನ ಸಹಜ ಬಣ್ಣ ಉಕ್ಕಿಗಿಂತ ತುಸು ಗಾಢವಾದ ಬೂದು. ಕಪ್ಪು, ಹೊಂಬಣ್ಣ, ನೀಲಿ ಇವೆಲ್ಲ ಕೆಲವೇ ಮೈಕ್ರಾನ್ ದಪ್ಪದ ಲೇಪನಗಳು. ಕೆಳಗಿನ ವಸ್ತು ಎಷ್ಟೇ ಗಟ್ಟಿಯಾಗಿದ್ದರೂ ಮೇಲಿನ ಲೇಪನ ಅಂಚುಗಳಲ್ಲಿ ಮೊದಲು ಸವೆಯುತ್ತದೆ. ಕೈಕೆಲಸ ಹೆಚ್ಚಿರುವವರಿಗೆ ಸಹಜ ಬೂದು ಬಣ್ಣವೇ ಉಚಿತ. ಮರ, ಕಾರ್ಬನ್ ಫೈಬರ್, ಓಪಲ್ ಮುಂತಾದವುಗಳನ್ನು ಕೂರಿಸಿದ ಉಂಗುರಗಳು ನೋಡಲು ಬಲು ಸೊಗಸು, ಆದರೆ ಅವು ನಿಂತಿರುವುದು ಅಂಟಿನ ಮೇಲೆ; ಬಿಸಿನೀರು ಮತ್ತು ಮಾರ್ಜಕಗಳಲ್ಲಿ ಕೈಯಾಡಿಸುವಾಗ ಅವನ್ನು ತೆಗೆದಿಡಬೇಕು. ಪಕ್ಕದ ಬೆರಳಿನಲ್ಲಿ ಚಿನ್ನದ ಉಂಗುರವಿದ್ದರೆ ಇದು ಅದನ್ನು ಗೀರುತ್ತದೆ ಎಂಬುದನ್ನೂ ಮರೆಯಬಾರದು.

ಬೆರಳು ಊದಿಕೊಂಡು ಉಂಗುರ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕೆಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಇದನ್ನು ತೆಗೆಯಲಾಗದೆ ಬೆರಳನ್ನೇ ಕತ್ತರಿಸಬೇಕಾಗುತ್ತದೆ ಎಂಬ ಭಯ ಆಧಾರವಿಲ್ಲದ್ದು. ಚಿನ್ನ ಕತ್ತರಿಸುವ ಸಣ್ಣ ಗರಗಸ ಇಲ್ಲಿ ನಡೆಯುವುದಿಲ್ಲ, ನಿಜ. ಆದರೆ ಹಿಡಿದಲ್ಲೇ ಲಾಕ್ ಆಗುವ ವೈಸ್ ಗ್ರಿಪ್ ಇಕ್ಕಳವನ್ನು ಉಂಗುರಕ್ಕೆ ಹಗುರವಾಗಿ ಹಿಡಿಸಿ, ಬಿಡಿಸಿ, ತಿರುಪನ್ನು ಸ್ವಲ್ಪ ಬಿಗಿಗೊಳಿಸಿ ಮತ್ತೆ ಹಿಡಿಸುತ್ತ ಹೋದರೆ ಅದು ಬಾಗದೆ ಚೂರಾಗುತ್ತದೆ. ಚೂರುಗಳು ಹರಿತವಾಗಿರುವುದರಿಂದ ಕಣ್ಣಿಗೆ ರಕ್ಷಣೆ ಬೇಕು. ಬೆರಳಿಗೆ ಪೆಟ್ಟಾಗಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಈ ಕೆಲಸವನ್ನು ಆಸ್ಪತ್ರೆಯಲ್ಲೇ ಮಾಡಿಸಬೇಕು, ಮತ್ತು ಉಂಗುರ ಯಾವ ವಸ್ತುವಿನದೆಂದು ಅಲ್ಲಿಯವರಿಗೆ ಮೊದಲೇ ಹೇಳಬೇಕು.

ಹಣ ಕೊಡುವ ಮುನ್ನ ಕೇಳಬೇಕಾದದ್ದು ಬದಲಾವಣೆಯ ಷರತ್ತು. ವರ್ಷಗಳ ನಂತರ ಬೆರಳಿನ ಗಾತ್ರ ಬದಲಾದರೆ ಹೊಸ ಅಳತೆಯದನ್ನು ಕೊಡುತ್ತಾರೆಯೇ, ಅದಕ್ಕೆ ಶುಲ್ಕವೆಷ್ಟು, ಒಡೆದದ್ದಕ್ಕೂ ಆ ಭರವಸೆ ಅನ್ವಯಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಚಿನ್ನದಂತೆ ಕರಗಿಸಿ ಮಾರಿದರೆ ಬೆಲೆ ಬರುವ ವಸ್ತು ಇದಲ್ಲವಾದ್ದರಿಂದ ಈ ಭರವಸೆಯೇ ಕೊಂಡವರಿಗಿರುವ ಆಸರೆ. ಒಳಮೈಯಲ್ಲಿ ಹೆಸರನ್ನೋ ದಿನಾಂಕವನ್ನೋ ಕೆತ್ತಿಸಲು ಇಷ್ಟವಿದ್ದರೆ ಅದು ಲೇಸರ್‌ನಿಂದ ಮಾತ್ರ ಸಾಧ್ಯ. ಕೆತ್ತಿದ ಉಂಗುರವನ್ನು ಅನೇಕರು ಹಿಂದಕ್ಕೆ ಪಡೆಯುವುದಿಲ್ಲವಾದ್ದರಿಂದ, ಬದಲಾಯಿಸಿಕೊಳ್ಳುವ ಅವಧಿಯೊಳಗೆ ಮನೆಯಲ್ಲೇ ಬೆಳಗ್ಗೆ ಸಂಜೆ ತೊಟ್ಟು ನೋಡಿ, ಅಳತೆ ಸರಿಯಾಗಿದೆಯೆಂದು ಬೆರಳು ಒಪ್ಪಿದ ಮೇಲೆಯೇ ಕೆತ್ತನೆಗೆ ಕೊಡಿ.