ರಾಗಿ ಗಂಜಿ ಬಿಡಿ, ಹುರಳಿ ಮೊಳಕೆ ಕಟ್ಟಿ

ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ ಮರುದಿನವೇ ನಮ್ಮ ಮನೆಗಳಲ್ಲಿ ಅಕ್ಕಿಯ ಡಬ್ಬ ಹಿಂದಕ್ಕೆ ಸರಿದು ರಾಗಿ ಹಿಟ್ಟಿನ ಡಬ್ಬ ಮುಂದಕ್ಕೆ ಬರುತ್ತದೆ. ಅದು ತಪ್ಪಲ್ಲ. ಆದರೆ ಆ ಹಿಟ್ಟಿನಿಂದ ಬೆಳಿಗ್ಗೆ ಎದ್ದೊಡನೆ ದೊಡ್ಡ ಲೋಟದ ತುಂಬ ಗಂಜಿ ಕಾಯಿಸಿ, ಅದಕ್ಕೆ ಒಂದು ಉಂಡೆ ಬೆಲ್ಲ ಹಾಕಿ, ರಾಗಿಯಲ್ಲವೇ, ಎಷ್ಟು ಕುಡಿದರೂ ಒಳ್ಳೆಯದು ಎಂದುಕೊಂಡು ಕುಡಿಯುವ ಕಿರಿಯರನ್ನು ನೋಡಿದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಮೂರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿ, ಅನ್ನ ಬಿಟ್ಟರೂ ಸಕ್ಕರೆ ಇಳಿದಿಲ್ಲವೆಂದು ಅಳುಮೋರೆ ಹಾಕುವವರೂ ಇವರೇ.

ರಾಗಿ ಔಷಧಿಯಲ್ಲ, ಧಾನ್ಯ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದ್ದರೆ ಅಷ್ಟೇ ರಾಗಿಯಲ್ಲಿ 67 ಗ್ರಾಂನಷ್ಟು ಇದೆ; ವ್ಯತ್ಯಾಸ ನೀವು ತಿಳಿದಷ್ಟು ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ಅದರ ನಾರಿನಲ್ಲಿ ಮತ್ತು ಸುಣ್ಣದ ಅಂಶದಲ್ಲಿ. ಆ ಹಿಟ್ಟನ್ನು ನುಣ್ಣಗೆ ಬೀಸಿಸಿ, ಜರಡಿ ಹಿಡಿದು, ನೀರಿನಲ್ಲಿ ತೆಳ್ಳಗೆ ಕುದಿಸಿ ಕುಡಿದರೆ ಅಗಿಯುವ ಕೆಲಸವೂ ಇಲ್ಲ, ಹೊಟ್ಟೆಯಲ್ಲಿ ನಿಲ್ಲುವ ಮಾತೂ ಇಲ್ಲ. ಬೇಗ ಅರಗಿ ರಕ್ತಕ್ಕೆ ಸೇರುತ್ತದೆ. ಮೊಳಕೆ ಬರಿಸಿದ ರಾಗಿಯ ಹಿಟ್ಟಂತೂ ಇನ್ನೂ ಬೇಗ ಅರಗುತ್ತದೆ, ಏಕೆಂದರೆ ಮೊಳೆಯುವಾಗಲೇ ರಾಗಿಯ ಪಿಷ್ಟದ ಒಂದು ಭಾಗ ಒಡೆದು ಸಿಹಿಯಾಗಿರುತ್ತದೆ. ಹಲ್ಲಿಲ್ಲದ ಕೂಸಿಗೆ ರಾಗಿ ಸರಿ ಕಾಯಿಸಿ ಕುಡಿಸುತ್ತಿದ್ದುದು ಇದಕ್ಕಾಗಿಯೇ. ಕೂಸಿಗೆ ಹೇಳಿ ಮಾಡಿಸಿದ್ದು ಐವತ್ತು ವರ್ಷದ ಸಕ್ಕರೆ ರೋಗಿಗೆ ಹೇಗೆ ಹೊಂದುತ್ತದೆ? ಬೆಲ್ಲವನ್ನು ಸಕ್ಕರೆಗಿಂತ ಬೇರೆಯೆಂದು ನಂಬುವುದನ್ನೂ ದಯವಿಟ್ಟು ನಿಲ್ಲಿಸಿ. ಅದರಲ್ಲಿ ಬಹುಪಾಲು ಇರುವುದು ಅದೇ ಸಕ್ಕರೆ. ಜೇನುತುಪ್ಪವೂ ರಕ್ತದ ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ.

ರಾಗಿಯನ್ನು ಮುದ್ದೆ ಮಾಡಿಯೇ ಉಣ್ಣಿ. ಹಿಟ್ಟನ್ನು ಸ್ವಲ್ಪ ತರಿಯಾಗಿ ಬೀಸಿಸಿ, ಹೊಟ್ಟು ತೆಗೆಯಬೇಡಿ. ಮುದ್ದೆಯ ಗಾತ್ರ ಮೂಸಂಬಿಯಷ್ಟಿರಲಿ, ಅದೂ ಒಂದೇ. ನಮ್ಮ ಮಾವನವರು ಮದ್ದೂರಿನ ಕಡೆಯ ರೈತರು, ಎರಡು ದೊಡ್ಡ ಮುದ್ದೆಗಳನ್ನು ನಿರಾಯಾಸವಾಗಿ ಉಣ್ಣುತ್ತಿದ್ದರು. ಆದರೆ ಕೋಳಿ ಕೂಗುವ ಹೊತ್ತಿಗೆ ನೇಗಿಲು ಹೊತ್ತು ಹೋದವರು ಹೊತ್ತು ನೆತ್ತಿಗೆ ಬರುವವರೆಗೆ ಹೊಲದಲ್ಲಿ ಇರುತ್ತಿದ್ದರು. ಅವರ ಮೊಮ್ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕುಳಿತು, ತಾತನ ಮುದ್ದೆಯ ಅಳತೆಯನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ನಾನು ಹೇಳಬೇಕೆಂದಿರುವುದು ಬಹಳ ಸರಳವಾದ ಮಾತು. ತಟ್ಟೆಯಲ್ಲಿ ಯಾವ ಧಾನ್ಯವಿದೆ ಎಂಬುದಕ್ಕಿಂತ ಅದು ತಟ್ಟೆಯ ಎಷ್ಟು ಭಾಗವನ್ನು ಆಕ್ರಮಿಸಿದೆ ಎಂಬುದನ್ನು ಮೊದಲು ನೋಡಿ. ಅರ್ಧ ತಟ್ಟೆ ಸೊಪ್ಪು ತರಕಾರಿಗಳಿಗೆ, ಕಾಲು ಭಾಗ ಕಾಳಿಗೆ, ಉಳಿದ ಕಾಲು ಭಾಗದಲ್ಲಿ ಮುದ್ದೆಯೋ ಅನ್ನವೋ ಚಪಾತಿಯೋ ಯಾವುದಾದರೂ ಒಂದು. ನಮ್ಮ ಕಡೆ ಪಲ್ಯವನ್ನು ಉಪ್ಪಿನಕಾಯಿಯಂತೆ ತಟ್ಟೆಯ ಅಂಚಿಗೆ ಒಂದು ಚಮಚ ಬಡಿಸುವ ರೂಢಿ ಬೆಳೆದುಬಿಟ್ಟಿದೆ. ಅದನ್ನು ತಿದ್ದದೆ ಯಾವ ಸಿರಿಧಾನ್ಯ ತಂದರೂ ಪ್ರಯೋಜನವಿಲ್ಲ. ಬಡಿಸಿದ ಮೇಲೆ ಮೊದಲು ಪಲ್ಯ ಮತ್ತು ಕಾಳನ್ನು ತಿಂದು, ಅದು ಅರ್ಧವಾದ ಮೇಲೆ ಮುದ್ದೆಗೆ ಕೈ ಹಾಕಿ. ಹೀಗೆ ಉಂಡಾಗ ಊಟದ ನಂತರ ಸಕ್ಕರೆ ಏರುವುದು ಕಡಿಮೆ, ಹಸಿವೂ ಬೇಗ ಮರಳುವುದಿಲ್ಲ. ತೂಕ ಇಳಿಸಬೇಕೆಂದು ಹಟ ಹಿಡಿದವರಿಗೂ ಇದೇ ದಾರಿ.

ರಾತ್ರಿ ಅನ್ನ ಬಿಟ್ಟಿದ್ದೇನೆ, ಬರೀ ಫಲಾಹಾರ ಎನ್ನುವವರ ತಟ್ಟೆಯನ್ನು ಒಮ್ಮೆ ಇಣುಕಿ ನೋಡಿ. ನಾಲ್ಕು ಚಪಾತಿ ಮತ್ತು ಆಲೂಗಡ್ಡೆ ಪಲ್ಯ ಇರುತ್ತದೆ, ಇಲ್ಲವೇ ಬಟ್ಟಲು ತುಂಬ ಉಪ್ಪಿಟ್ಟು ಅಥವಾ ಅವಲಕ್ಕಿ. ಗೋಧಿಯೂ ರವೆಯೂ ಅವಲಕ್ಕಿಯೂ ಪಿಷ್ಟವೇ ಅಲ್ಲವೇ? ಒಂದು ಹಿಡಿ ಅನ್ನಕ್ಕೆ ಎರಡು ಸೌಟು ಬೇಳೆ, ಪಕ್ಕದಲ್ಲಿ ಹುರುಳಿಕಾಯಿ ಪಲ್ಯ, ಒಂದು ಲೋಟ ನೀರು ಮಜ್ಜಿಗೆ ಇಟ್ಟುಕೊಂಡು ಉಂಡವರು ಅವರಿಗಿಂತ ಎಷ್ಟೋ ವಾಸಿ.

ಕಾಳನ್ನು ದಿನವೂ ತಿನ್ನಬೇಕು ಎಂದ ಮೇಲೆ ಅದು ರುಚಿಯಾಗಿಯೂ ಇರಬೇಕು. ನಾನು ನೆಚ್ಚಿಕೊಂಡಿರುವುದು ಹುರಳಿಯನ್ನು. ದನಕ್ಕೆ ಬೇಯಿಸಿ ಹಾಕುವ ಕಾಳೆಂದು ಇದನ್ನು ಕೀಳಾಗಿ ಕಂಡವರುಂಟು. ನಮ್ಮ ಅತ್ತೆಯವರು ಉಳುವ ಎತ್ತುಗಳಿಗೆ ಹುರಳಿ ಬೇಯಿಸುವಾಗಲೇ ಮನೆಯವರಿಗೂ ಒಂದು ಪಾಲು ಎತ್ತಿಟ್ಟು, ದುಡಿಯುವ ಎತ್ತಿಗೆ ಕಸುವು ಕೊಡುವುದು ನಿಮಗೆ ಕೊಡುವುದಿಲ್ಲವೇ ಎನ್ನುತ್ತಿದ್ದರು. ನೂರು ಗ್ರಾಂ ಹುರಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ, ಅಕ್ಕಿಯಲ್ಲಿ ಎಂಟು ಗ್ರಾಂ ಕೂಡ ಇಲ್ಲ. ರಾಗಿ ಮೊಳಕೆಯನ್ನು ಬೇಡವೆಂದವಳು ಹುರಳಿ ಮೊಳಕೆಯನ್ನು ಏಕೆ ಹೊಗಳುತ್ತಾಳೆ ಎಂದು ಕೇಳಬೇಡಿ. ಹುರಳಿಯನ್ನು ನಮ್ಮ ಕಡೆ ಸಾಮಾನ್ಯವಾಗಿ ಹಿಟ್ಟು ಮಾಡಿ ಗಂಜಿ ಕುಡಿಯುವುದಿಲ್ಲ, ಇಡಿಯಾಗಿ ಸಿಪ್ಪೆಯ ಸಮೇತ ಅಗಿದು ತಿನ್ನುತ್ತಾರೆ, ಅದರ ಪಿಷ್ಟವೂ ನಿಧಾನವಾಗಿ ಅರಗುವಂಥದು.

ಆದರೆ ಮೊಳಕೆ ಕಟ್ಟುವುದನ್ನು ಈಗಿನವರು ಬಹಳ ಕೆಡಿಸಿದ್ದಾರೆ. ನೆನೆಸಿದ ಕಾಳನ್ನು ನೀರು ತೊಟ್ಟಿಕ್ಕುತ್ತಿರುವಂತೆಯೇ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು ಮುಚ್ಚಳ ಬಿಗಿದುಬಿಡುತ್ತಾರೆ. ಎರಡನೆಯ ದಿನ ತೆರೆದಾಗ ಕಾಳು ಲೋಳೆಯಾಗಿ ಹುಳಿ ವಾಸನೆ ಹೊಡೆದರೆ ಹುರಳಿಯನ್ನು ಬೈಯುತ್ತಾರೆ. ಮೊದಲು ಕಾಳು ಹೊಸದಾಗಿರಬೇಕು, ಹಳೆಯ ಹುರಳಿ ಅರ್ಧಕ್ಕರ್ಧ ಮೊಳೆಯುವುದಿಲ್ಲ. ಮೊರದಲ್ಲಿ ಕೇರಿ ಹಸನು ಮಾಡಿದರೂ ಅದೇ ಬಣ್ಣದ ಸಣ್ಣ ಕಲ್ಲುಗಳು ಕಣ್ತಪ್ಪಿಸಿ ಉಳಿದಿರುತ್ತವೆ. ಆದ್ದರಿಂದ ಅಗಲ ಪಾತ್ರೆಯಲ್ಲಿ ನೀರು ಹಾಕಿ, ಪಾತ್ರೆಯನ್ನು ತುಯ್ದಾಡಿಸುತ್ತಾ ಮೇಲೆ ಬಂದ ಕಾಳನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಂಡು ಗಾಲಿಸಬೇಕು, ತಳದಲ್ಲಿ ಕಲ್ಲು ನಿಲ್ಲುವವರೆಗೆ. ಇದನ್ನು ಬಿಟ್ಟವರು ಹಲ್ಲಿನ ವೈದ್ಯರಿಗೆ ದುಡ್ಡು ಕೊಡಬೇಕಾಗುತ್ತದೆ. ತೇಲುವ ಪೊಳ್ಳು ಕಾಳುಗಳನ್ನು ಚೆಲ್ಲಿ, ತೊಳೆದ ನೀರು ತಿಳಿಯಾದ ಮೇಲೆ ಧಾರಾಳವಾಗಿ ನೀರು ಬಿಟ್ಟು ರಾತ್ರಿ ನೆನೆಯಲು ಇಡಿ.

ಬೆಳಿಗ್ಗೆ ನೆನೆದ ನೀರನ್ನು ಚೆಲ್ಲಿ, ಇನ್ನೊಮ್ಮೆ ತೊಳೆದು, ತೂತಿನ ಜಾಲರಿಗೆ ಹಾಕಿ ಹಾಗೆಯೇ ಬಿಡಿ. ನೀವು ತಿಂಡಿ ಮುಗಿಸಿ ಪಾತ್ರೆ ತೊಳೆದಿಡುವವರೆಗೆ ಅದು ಬಸಿಯುತ್ತಿರಲಿ. ಕಾಳನ್ನು ಅಂಗೈಯಲ್ಲಿ ಹಿಡಿದರೆ ತೇವ ತಾಗಬೇಕು, ನೀರು ಉಳಿಯಬಾರದು. ಎಲ್ಲ ಗುಟ್ಟೂ ಇಷ್ಟರಲ್ಲೇ ಇದೆ. ಆಮೇಲೆ ಹಳೆಯ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಹರಡಿ, ಕಾಳನ್ನು ಮಧ್ಯಕ್ಕೆ ಸುರಿದು ನಾಲ್ಕು ಮೂಲೆಗಳನ್ನೂ ಸೇರಿಸಿ ಬಿಗಿಯಾಗಿ ಗಂಟು ಹಾಕಿ. ಆ ಗಂಟನ್ನು ಬೋಸಿಯೊಳಗಿಟ್ಟು ಮೇಲೊಂದು ಗುಂಡುಕಲ್ಲು ಹೇರಿ, ಒಲೆಯ ಹತ್ತಿರದ ಬೆಚ್ಚನೆಯ ಮೂಲೆಯಲ್ಲಿಡಿ. ಭಾರ ಬಿದ್ದ ಕಾಳುಗಳು ಒತ್ತೊತ್ತಾಗಿ ಕುಳಿತು ಶಾಖ ಹಿಡಿದು ಒಟ್ಟಿಗೇ ಮೊಳೆಯುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಟನ್ನು ಮುಟ್ಟಿ ನೋಡಿ, ಒಣಗಿದ್ದರೆ ಬಟ್ಟೆಯ ಮೇಲೆ ಒಂದಿಷ್ಟು ನೀರು ಚಿಮುಕಿಸಿ, ಸುರಿಯಬೇಡಿ. ಮರುದಿನ ಬೆಳಿಗ್ಗೆ ಬಿಚ್ಚಿದರೆ ಬೆಳ್ಳನೆಯ ಮೊಳಕೆಗಳು ಬಟ್ಟೆಯನ್ನು ಚುಚ್ಚಿಕೊಂಡಿರುತ್ತವೆ. ಪುಷ್ಯ ಮಾಸದ ಚಳಿಯಲ್ಲಿ ಇನ್ನೊಂದು ಹಗಲು ಬೇಕಾದೀತು. ಮೊಳಕೆ ಕಾಳಿನಷ್ಟೇ ಉದ್ದವಾದಾಗ ಸಾಕು, ಅದಕ್ಕಿಂತ ಬೆಳೆಯಲು ಬಿಟ್ಟರೆ ಕಹಿಯಾಗುತ್ತದೆ.

ಆ ಬಟ್ಟೆಯ ವಿಷಯವಾಗಿಯೂ ಒಂದು ಮಾತು. ಅಡುಗೆಮನೆಯ ಬಟ್ಟೆಗಳನ್ನು ಮೈಬಟ್ಟೆಗಳ ಜೊತೆ ವಾಷಿಂಗ್ ಮೆಷಿನ್‌ಗೆ ತುಂಬಿ, ಘಮಘಮಿಸುವ ದ್ರವ ಹಾಕಿ ಒಗೆಯುವುದನ್ನು ಕಂಡಿದ್ದೇನೆ. ಆ ಘಮ ಕಾಳಿಗೂ ಹತ್ತುತ್ತದೆ. ಮೊಳಕೆ ಕಟ್ಟುವ ಬಟ್ಟೆಯನ್ನು ಬಿಸಿನೀರಿನಲ್ಲಿ ಕೈಯಿಂದಲೇ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಬೇರೆಯೇ ಮಡಿಸಿಡಿ.

ಮೊಳಕೆಯನ್ನು ಹಸಿಯಾಗಿ ಮುಕ್ಕುವ ಹೊಸ ರೂಢಿ ನನಗೆ ಒಪ್ಪಿಗೆಯಿಲ್ಲ. ಬೆಚ್ಚನೆಯ ತೇವದಲ್ಲಿ ಮೊಳೆತದ್ದರ ಮೇಲೆ ರೋಗಾಣುಗಳೂ ಬೆಳೆದಿರಬಹುದು, ವಯಸ್ಸಾದವರ ಹೊಟ್ಟೆ ಅದನ್ನು ತಾಳುವುದಿಲ್ಲ. ಮೆತ್ತಗೆ ಬೇಯಿಸಿ. ಮುಕ್ಕಾಲು ಬೆಂದ ಮೇಲೆ ದಂಟೋ ಹರಿವೆಯೋ ಸಬ್ಬಸಿಗೆಯೋ, ಸಿಕ್ಕರೆ ಬೆರಕೆ ಸೊಪ್ಪೋ, ಕಾಳಿಗೆ ಎರಡರಷ್ಟು ಹೆಚ್ಚಿ ಹಾಕಿ, ಬೆಂದೊಡನೆ ಬಸಿದು ಕಟ್ಟನ್ನು ಬೇರೆ ಮಾಡಿ. ಕಾಳು ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ, ಕಟ್ಟಿಗೆ ಖಾರ ಹಾಕಿ ಕುದಿಸಿದರೆ ಬಸ್ಸಾರು. ಅದನ್ನು ಹೇಗೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಖಾರ ರುಬ್ಬುವಾಗ ಮಾತ್ರ ಅರ್ಧ ಹೋಳು ತೆಂಗಿನಕಾಯಿ ಹಾಕುವ ಕೈಯನ್ನು ತಡೆದು, ಒಂದು ಹಿಡಿ ಬೆಂದ ಕಾಳನ್ನು ಸೇರಿಸಿ ರುಬ್ಬಿ. ಸಾರು ಅಷ್ಟೇ ಮಂದವಾಗುತ್ತದೆ, ಕೊಬ್ಬು ಇಳಿಯುತ್ತದೆ. ಎಣ್ಣೆಯಾದರೂ ತಲೆಗೆ ತಿಂಗಳಿಗೆ ಅರ್ಧ ಲೀಟರಿಗಿಂತ ಹೆಚ್ಚು ಏಕೆ ಬೇಕು?

ಹಣ್ಣನ್ನು ಕಚ್ಚಿ ತಿನ್ನಿ, ರಸ ಹಿಂಡಿ ಕುಡಿಯಬೇಡಿ. ಸೀಬೆ, ನೇರಳೆ, ಪರಂಗಿಯ ಎರಡು ಹೋಳು ಆಗಬಹುದು. ಮಾವಿನ ಕಾಲದಲ್ಲಿ ಊಟದ ಮೇಲೆ ಮಾವು ತಿನ್ನುವುದನ್ನು ಬಿಟ್ಟು, ಬೇರೆ ಹೊತ್ತಿನಲ್ಲಿ ಒಂದು ಹೋಳು ತಿನ್ನಿ. ರಾಗಿ ಬಿಸ್ಕತ್ತಿನ ಪೊಟ್ಟಣವನ್ನು ಕೊಳ್ಳುವ ಮೊದಲು ಹಿಂದೆ ತಿರುಗಿಸಿ ಓದಿ, ಮೈದಾ ಮತ್ತು ಸಕ್ಕರೆ ಎಷ್ಟಿವೆಯೆಂದು ನಿಮಗೇ ತಿಳಿಯುತ್ತದೆ. ತೂಕದ ಯಂತ್ರಕ್ಕಿಂತ ನನಗೆ ದರ್ಜಿಯ ಟೇಪಿನ ಮೇಲೆ ನಂಬಿಕೆ ಹೆಚ್ಚು: ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರು, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯ ಬೊಜ್ಜು ಹೆಚ್ಚಾಗಿದೆ ಎಂದೇ ವೈದ್ಯರು ಎಣಿಸುತ್ತಾರೆ.

ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮಷ್ಟಕ್ಕೆ ತಾವೇ ಉಪವಾಸ ಮಾಡುವುದು, ಮುದ್ದೆ ಅನ್ನಗಳನ್ನು ಒಮ್ಮೆಲೇ ಪೂರ್ತಿ ಬಿಡುವುದು, ಬರಿಹೊಟ್ಟೆಗೆ ಹಾಗಲಕಾಯಿ ರಸ ಕುಡಿದು ಮಾತ್ರೆ ನಿಲ್ಲಿಸುವುದು ಇವೆಲ್ಲ ಅಪಾಯ. ಸಕ್ಕರೆ ತೀರ ಇಳಿದರೆ ಮೈ ಬೆವತು ಕೈಕಾಲು ನಡುಗುತ್ತವೆ, ಪ್ರಜ್ಞೆಯೂ ತಪ್ಪಬಹುದು. ಆಗ ಮಾತ್ರ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಕ್ಷಣ ಕುಡಿಸಬೇಕು, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂತ್ರಪಿಂಡದ ತೊಂದರೆ ಇರುವವರು ಇಷ್ಟೊಂದು ಕಾಳು ತಿನ್ನಬಹುದೇ ಎಂದು ಮೊದಲು ವೈದ್ಯರನ್ನು ಕೇಳಿ. ಊಟದ ಅಳತೆ ಬದಲಿಸಿದ ವಾರದಲ್ಲಿ, ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ಸಕ್ಕರೆ ನೋಡಿಕೊಂಡು, ಏನು ಉಂಡಿರಿ ಎಂಬುದನ್ನು ಪಕ್ಕದಲ್ಲೇ ಬರೆದು, ಆ ಚೀಟಿಯನ್ನು ಅವರಿಗೆ ತೋರಿಸಿ. ಮಾತ್ರೆಯನ್ನು ಕಡಿಮೆ ಮಾಡಬೇಕಾದರೆ ಅವರೇ ಮಾಡುತ್ತಾರೆ.