ಲಿನಕ್ಸ್ ಬೂಟ್ ಆಗುವಾಗಿನ ಸಂದೇಶಗಳನ್ನು ಹುಡುಕುವುದು ಹೇಗೆ?

ಲಿನಕ್ಸ್ ಸರಿಯಾಗಿ ಶುರುವಾಗದಿದ್ದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ರೀಸ್ಟಾರ್ಟ್. ಎರಡನೆಯದು, ತಪ್ಪು ಲಾಗ್ (ಯಂತ್ರ ಬರೆದಿಡುವ ಸಂದೇಶಗಳ ದಾಖಲೆ) ತೆರೆದು ‘ಏನೂ ಇಲ್ವಲ್ಲಾ’ ಅನ್ನುವುದು. ಬೇಕಾದ ಸಂದೇಶ ಸಾಮಾನ್ಯವಾಗಿ ಇರುತ್ತದೆ. ಯಾವ ಬೂಟ್‌ನದ್ದು, ಅಂದರೆ ಯಂತ್ರ ಯಾವ ಸಲ ಶುರುವಾದಾಗಿನದ್ದು ಓದುತ್ತಿದ್ದೇವೆ ಎನ್ನುವುದೇ ಪ್ರಶ್ನೆ.

ಟರ್ಮಿನಲ್ ತೆರೆಯಿರಿ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ.

ಮೊದಲು ‘ಸುಡೊ ಡಿಎಂಇಎಸ್‌ಜಿ’ (ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು). ಇದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೋರಿಸುತ್ತದೆ. ಸಾಲಿನ ಮೊದಲಿಗೆ ಕಂಸದಲ್ಲಿರುವ ಸಂಖ್ಯೆ ಗಡಿಯಾರದ ಹೊತ್ತಲ್ಲ, ಕರ್ನಲ್ ಶುರುವಾದ ಮೇಲೆ ಕಳೆದ ಸೆಕೆಂಡುಗಳು. ಬೂಟ್ ನಡುವೆ 3ರಿಂದ ನೇರ 40ಕ್ಕೆ ಹಾರಿದ್ದರೆ ಅಲ್ಲೇ ಯಾವುದೋ ಕಾಯುತ್ತಾ ಕೂತಿತ್ತು ಅಂತ ಅನುಮಾನಿಸಿ. ಆದರೆ ಇದು ಮೆಮೊರಿಯ ಸಣ್ಣ ಜಾಗದಲ್ಲಿರುವ ಲಾಗ್. ತುಂಬಿದರೆ ಹಳೆಯ ಸಾಲು ಹೋಗುತ್ತದೆ, ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಹೋಗುತ್ತದೆ.

ಹಾಗಾಗಿ ನನ್ನ ಆಯ್ಕೆ ‘ಜರ್ನಲ್‌ಸಿಟಿಎಲ್’. ಜರ್ನಲ್ ಎಂದು ಬರೆದು ಸಿ, ಟಿ, ಎಲ್ ಸೇರಿಸಿ, ನಡುವೆ ಜಾಗ ಬಿಡಬೇಡಿ. ‘ಸುಡೊ ಜರ್ನಲ್‌ಸಿಟಿಎಲ್ -ಬಿ’ ಎಂದರೆ ಈಗಿನ ಬೂಟ್‌ನ ಲಾಗ್ ಪೂರ್ತಿ ಬರುತ್ತದೆ.

ಎಡವುವುದು ಇಲ್ಲೇ. ಯಂತ್ರ ಹ್ಯಾಂಗ್ ಆಯಿತು, ಪವರ್ ಬಟನ್ ಒತ್ತಿ ಆರಿಸಿದಿರಿ, ಮತ್ತೆ ಹಾಕಿದಾಗ ಚೆನ್ನಾಗಿಯೇ ಬಂತು. ಈಗ ‘-ಬಿ’ ಕೊಟ್ಟರೆ ಸಿಗುವುದು ಈ ಚೆನ್ನಾದ ಬೂಟ್‌ನ ಲಾಗ್! ಕೆಟ್ಟದ್ದು ಹಿಂದಿನದು, ಅದಕ್ಕೆ ‘-ಬಿ -1’. ಅದಕ್ಕೂ ಮೊದಲು ‘--ಲಿಸ್ಟ್-ಬೂಟ್ಸ್’ ಕೊಟ್ಟು ಪಟ್ಟಿ ನೋಡಿ. 0 ಈಗಿನದು, -1 ಅದರ ಹಿಂದಿನದು. ದಿನಾಂಕ, ಸಮಯ ತಾಳೆ ನೋಡದೆ ಮುಂದೆ ಹೋಗಬೇಡಿ.

ಪಟ್ಟಿಯಲ್ಲಿ ಸದಾ ಒಂದೇ ಸಾಲು ಇದ್ದರೆ ಹಳೆಯ ಲಾಗ್ ಉಳಿಯುತ್ತಿಲ್ಲ ಎಂದೇ ಲೆಕ್ಕ. ಹಲವು ಯಂತ್ರಗಳ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ‘/ವಾರ್/ಲಾಗ್/ಜರ್ನಲ್’ (ವಾರ್ ಎಂದರೆ ವಿ, ಎ, ಆರ್) ಫೋಲ್ಡರ್ ಇದ್ದರೆ ಮಾತ್ರ ಲಾಗ್ ಡಿಸ್ಕ್‌ಗೆ ಹೋಗುತ್ತದೆ. ಇಲ್ಲದಿದ್ದರೆ ‘/ರನ್’ ಒಳಗೆ, ಅಂದರೆ ಮೆಮೊರಿಯಲ್ಲಿ. ಸುಡೊ ಬಳಸಿ ಆ ಫೋಲ್ಡರ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಇದನ್ನು ಲಿನಕ್ಸ್ ಹಾಕಿದ ದಿನವೇ ಮಾಡಿಡಿ, ಕೆಟ್ಟ ಮೇಲೆ ಮಾಡಿದರೆ ಹೋದದ್ದು ಬರಲ್ಲ. ಡಿಸ್ಕ್ ತುಂಬುತ್ತದೆ ಎಂಬ ಭಯ ಬೇಡ: ತಾನಾಗಿಯೇ ಆ ಫೈಲ್‌ಸಿಸ್ಟಮ್‌ನ 10%ಗೆ, ಹೆಚ್ಚೆಂದರೆ 4 ಜಿಬಿಗೆ ಅದು ನಿಲ್ಲುತ್ತದೆ.

ಇನ್ನೊಂದು ಕೊಕ್ಕೆ ಇದೆ. ಡಿಸ್ಕ್ ಬರೆಯಲು ಸಿದ್ಧವಾಗುವ ಮೊದಲೇ ಹ್ಯಾಂಗ್ ಆಗಿದ್ದರೆ ಆ ಬೂಟ್ ಪಟ್ಟಿಯಲ್ಲೇ ಇರುವುದಿಲ್ಲ. ಆಗ ‘-1’ ತೋರಿಸುವುದು ಅದಕ್ಕೂ ಹಿಂದಿನದನ್ನು. ಸಮಯ ನೋಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ. ಇಂಥ ಹೊತ್ತಲ್ಲಿ ಲಿನಕ್ಸ್‌ಗೂ ಮೊದಲು ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಲ್ಲಿ ‘ಕ್ವಯಟ್’, ‘ಸ್ಪ್ಲಾಶ್’ ಅಳಿಸಿ, ಕಂಟ್ರೋಲ್-ಎಕ್ಸ್ ಒತ್ತಿ. ಲೋಗೊ ಬದಲು ಸಂದೇಶಗಳು ಪರದೆಗೇ ಬರುತ್ತವೆ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ.

ಸಾಲು ಜಾಸ್ತಿಯಾದರೆ ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ‘-ಪಿ 3’ ಸೇರಿಸಿ. ದೋಷಗಳು, ಅದಕ್ಕಿಂತ ಗಂಭೀರವಾದವು ಮಾತ್ರ ಉಳಿಯುತ್ತವೆ. ಕೆಂಪು ಸಾಲು ಕಂಡ ಕೂಡಲೇ ಗಾಬರಿ ಬೇಡ, ಚೆನ್ನಾಗಿರುವ ಯಂತ್ರದಲ್ಲೂ ಎಸಿಪಿಐ (ಪವರ್, ಹಾರ್ಡ್‌ವೇರ್ ನಿರ್ವಹಣೆಯ ವ್ಯವಸ್ಥೆ) ದೋಷಗಳು ಸುಮ್ನೆ ಬರುತ್ತಿರುತ್ತವೆ. ಒಳ್ಳೆಯ ಬೂಟ್, ಕೆಟ್ಟ ಬೂಟ್ ಎರಡನ್ನೂ ಪಕ್ಕಪಕ್ಕ ಇಟ್ಟು, ಕೆಟ್ಟದ್ದರಲ್ಲಿ ಮಾತ್ರ ಇರುವ ಸಾಲನ್ನು ಹಿಡಿಯಿರಿ.

ಸಿಸ್ಟಮ್‌ಡಿ (ಯಂತ್ರವನ್ನು ಶುರುಮಾಡಿ ಈ ಜರ್ನಲ್ ಬರೆಯುವ ವ್ಯವಸ್ಥೆ) ಇಲ್ಲದ ಹಳೆಯ ಯಂತ್ರಗಳಲ್ಲಿ ‘/ವಾರ್/ಲಾಗ್’ ಒಳಗೆ ಹುಡುಕಬೇಕು: ಡೆಬಿಯನ್, ಉಬುಂಟು ಕಡೆ ‘ಸಿಸ್‌ಲಾಗ್’, ರೆಡ್ ಹ್ಯಾಟ್ ಕಡೆ ‘ಮೆಸೇಜಸ್’. ಹಲವು ಬೂಟ್‌ಗಳು ಒಂದೇ ಫೈಲ್‌ನಲ್ಲಿ ಬೆರೆತಿರುತ್ತವೆ. ಪದ ಹುಡುಕುವ ಕಮಾಂಡ್ ಗ್ರೆಪ್‌ನಿಂದ ‘ಲಿನಕ್ಸ್ ವರ್ಷನ್’ ಹುಡುಕಿ, ಇಲ್ಲಿ ‘ಎಲ್’ ದೊಡ್ಡಕ್ಷರ. ಕರ್ನಲ್ ಪ್ರತಿ ಬೂಟ್‌ನ ಶುರುವಿನಲ್ಲೇ ಆ ಸಾಲನ್ನು ಬರೆಯುತ್ತದೆ.

ಜಾಗ ಉಳಿಸುತ್ತೇವೆ ಎಂದು ಲಾಗ್ ಒರೆಸಿಹಾಕುವ ‘ಕ್ಲೀನರ್’ ಆ್ಯಪ್‌ಗಳನ್ನು ಹಾಕಿಕೊಳ್ಳಲೇಬೇಡಿ. ಜಾಗ ಬೇಕೇಬೇಕಿದ್ದರೆ ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=500ಎಂ’ ಸಾಕು. ಹಳೆಯದು ಹೋಗಿ ಹೊಸದು ಉಳಿಯುತ್ತದೆ. ಇದರಲ್ಲಿ ‘ಎಂ’ ದೊಡ್ಡಕ್ಷರದಲ್ಲಿರಲಿ.